ಉದ್ದವಾಗುವ ಹಿತ್ತಾಳೆ: ತೋಟಾದ ತುದಿ ಸವರುವ ಯಂತ್ರವನ್ನು ಆರಿಸುವ ಬಗೆ

ಹಿತ್ತಾಳೆಯ ತಗಡನ್ನು ಬಡಿದು ಚೆಂಬು ಮಾಡುವ ಕಂಚುಗಾರನ ಕೆಲಸವನ್ನು ನೋಡಿದವರಿಗೆ ಒಂದು ಸಂಗತಿ ತಿಳಿದೇ ಇರುತ್ತದೆ. ಸುತ್ತಿಗೆಯ ಪೆಟ್ಟು ಬಿದ್ದಲ್ಲಿ ಲೋಹವು ತೆಳುವಾಗುತ್ತದೆ, ತೆಳುವಾದಷ್ಟೂ ಹರಡಿಕೊಳ್ಳುತ್ತದೆ. ಪೆಟ್ಟಿನಿಂದ ಲೋಹದ ಗಾತ್ರ ಹೆಚ್ಚುವುದೂ ಇಲ್ಲ, ಕುಗ್ಗುವುದೂ ಇಲ್ಲ. ಅದು ಒಂದೆಡೆಯಿಂದ ಇನ್ನೊಂದೆಡೆಗೆ ಸರಿಯುತ್ತದೆ, ಅಷ್ಟೆ. ಈ ಸರಳವಾದ ನಿಯಮವೇ ರೈಫಲ್ ಕೋವಿಯ ತೋಟಾದಲ್ಲಿಯೂ ಕೆಲಸ ಮಾಡುತ್ತದೆ. ಒಮ್ಮೆ ಹಾರಿಸಿದ ತೋಟಾದ ಹಿತ್ತಾಳೆಯ ಕೋಶವನ್ನು ಎತ್ತಿಕೊಂಡು ಮತ್ತೆ ಮತ್ತೆ ತುಂಬಿ ಉಪಯೋಗಿಸಿದರೆ ಅದು ಸ್ವಲ್ಪ ಸ್ವಲ್ಪವಾಗಿ ಉದ್ದವಾಗುತ್ತ ಹೋಗುತ್ತದೆ. ಹೀಗೆ ಬೆಳೆದ ತುದಿಯನ್ನು ಆಗಾಗ ಸವರಿ ಹಾಕದಿದ್ದರೆ ಕೋವಿಯನ್ನು ಹಿಡಿದವನಿಗೆ ಅಪಾಯ ತಪ್ಪಿದ್ದಲ್ಲ.

ತೋಟಾಗಳನ್ನು ಮರಳಿ ತುಂಬುವುದು ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಬಹುಕಾಲದಿಂದ ರೂಢಿಯಲ್ಲಿರುವ ಹವ್ಯಾಸ. ಗುರಿಕಾರರೂ ಬೇಟೆಗಾರರೂ ತಮ್ಮ ಮನೆಯ ಕಾರ್ಖಾನೆಯಲ್ಲಿಯೇ ಇದನ್ನು ಮಾಡಿಕೊಳ್ಳುತ್ತಾರೆ. ನಮ್ಮ ದೇಶದಲ್ಲಿ ಹಾಗಿಲ್ಲ. 1959ರ ಆಯುಧ ಅಧಿನಿಯಮದ ಪ್ರಕಾರ ಪರವಾನಗಿಯಿಲ್ಲದೆ ಯಾರೂ ಮದ್ದುಗುಂಡುಗಳನ್ನು ತಯಾರಿಸುವಂತಿಲ್ಲ. ಆದರೂ ಅಮೆರಿಕದ ಹವ್ಯಾಸಿಯು ವಿದ್ಯುತ್ತಿನಿಂದ ನಡೆಯುವ ಸವರುಯಂತ್ರವೊಂದನ್ನು ಕೊಳ್ಳಲು ಹೊರಟಾಗ ಅವನ ಮುಂದೆ ಏಳುವ ಪ್ರಶ್ನೆಗಳು ಭೌತವಿಜ್ಞಾನದ ವಿದ್ಯಾರ್ಥಿಗಳೆಲ್ಲರೂ ಕೇಳಿಕೊಳ್ಳಬೇಕಾದ ಪ್ರಶ್ನೆಗಳೇ ಆಗಿವೆ. ಲೋಹವು ಹೇಗೆ ಹರಿಯುತ್ತದೆ? ಅಳತೆಯನ್ನು ಎಲ್ಲಿಂದ ಆರಂಭಿಸಬೇಕು? ಒಂದು ಯಂತ್ರವು ಒಳ್ಳೆಯದೆಂದು ಹೇಳಲು ಯಾವ ಪರೀಕ್ಷೆ ತಕ್ಕದ್ದು? ಇವನ್ನು ಇಲ್ಲಿ ಕ್ರಮವಾಗಿ ವಿಚಾರಿಸೋಣ.

ತೋಟಾದ ಅಂಗಾಂಗಗಳು

ಮಲೆನಾಡಿನ ಕಡೆಯವರಿಗೆ ಕೇಪಿನ ಕೋವಿ, ತೋಟಾ ಕೋವಿ ಎಂಬ ಮಾತುಗಳು ಹೊಸವಲ್ಲ. ಕೇಪಿನ ಕೋವಿಯಲ್ಲಿ ಮದ್ದು, ಗುಂಡು, ಕೇಪು ಇವುಗಳನ್ನು ಬೇರೆಬೇರೆಯಾಗಿ ತುಂಬಬೇಕು. ತೋಟಾದಲ್ಲಿಯಾದರೋ ಈ ಮೂರೂ ಒಂದೇ ಕೋಶದಲ್ಲಿ ಅಡಕವಾಗಿರುತ್ತವೆ. ರೈಫಲಿನ ತೋಟಾದ ಕೋಶವು ಉದ್ದನೆಯ ಸೀಸೆಯನ್ನು ಹೋಲುತ್ತದೆ. ಕೆಳಗೆ ದಪ್ಪನೆಯ ಬುಡ, ಅದರ ನಡುವೆ ಕೇಪು. ಮೇಲೆ ಮದ್ದು ತುಂಬುವ ಒಡಲು. ಒಡಲು ಕಿರಿದಾಗುವಲ್ಲಿ ಹೆಗಲು. ಅದರ ಮೇಲೆ ಗುಂಡನ್ನು ಹಿಡಿದಿರುವ ಕತ್ತು. ಕತ್ತಿನ ಕೊನೆಯೇ ಬಾಯಿ. ನಾವು ಸವರಬೇಕಾದುದು ಈ ಬಾಯಿಯ ಅಂಚನ್ನು.

ಕೇಪಿನ ವಿಷಯದಲ್ಲಿ ಒಂದು ವಿನೋದವುಂಟು. 1866ರ ಸುಮಾರಿನಲ್ಲಿ ಎರಡು ಬಗೆಯ ಕೇಪುಗಳು ಬಳಕೆಗೆ ಬಂದವು. ಒಂದನ್ನು ಅಮೆರಿಕದ ಹೈರಂ ಬರ್ಡನ್ ಎಂಬಾತನೂ ಇನ್ನೊಂದನ್ನು ಇಂಗ್ಲೆಂಡಿನ ಎಡ್ವರ್ಡ್ ಬಾಕ್ಸರ್ ಎಂಬಾತನೂ ರೂಪಿಸಿದರು. ಬರ್ಡನ್ನನ ಬಗೆಯಲ್ಲಿ ಬೆಂಕಿ ಹೊಗುವ ರಂಧ್ರಗಳು ಸಾಮಾನ್ಯವಾಗಿ ಎರಡಿದ್ದು ನಡುವಿನಿಂದ ಅತ್ತಿತ್ತ ಸರಿದಿರುತ್ತವೆ. ಬಾಕ್ಸರನ ಬಗೆಯಲ್ಲಿ ಒಂದೇ ರಂಧ್ರ. ಅದೂ ಸರಿಯಾಗಿ ನಡುವೆ. ಈ ನಡುರಂಧ್ರದ ಮೂಲಕ ಕಡ್ಡಿಯೊಂದನ್ನು ತೂರಿಸಿ ಹಳೆಯ ಕೇಪನ್ನು ಸುಲಭವಾಗಿ ಹೊರಕ್ಕೆ ತಳ್ಳಬಹುದು. ಇಂಗ್ಲಿಷನ ಕಲ್ಪನೆ ಅಮೆರಿಕದಲ್ಲಿ ನೆಲೆಯಾಯಿತು, ಅಮೆರಿಕದವನ ಕಲ್ಪನೆ ಯೂರೋಪಿನಲ್ಲಿ ಹರಡಿತು! ಮರಳಿ ತುಂಬುವ ಹವ್ಯಾಸ ಅಮೆರಿಕದಲ್ಲಿ ಬೇರೂರಲು ಈ ನಡುರಂಧ್ರವೂ ಒಂದು ಕಾರಣ. ಅದೇ ರಂಧ್ರವು ಸವರುಯಂತ್ರಕ್ಕೂ ಹೇಗೆ ನೆರವಾಗುತ್ತದೆಂಬುದನ್ನು ಮುಂದೆ ನೋಡುವೆವು.

ಕೋಶ ಏಕೆ ಬೆಳೆಯುತ್ತದೆ?

ಕೋಶದ ಹಿತ್ತಾಳೆಯಲ್ಲಿ 100ಕ್ಕೆ 70 ಭಾಗ ತಾಮ್ರ, 30 ಭಾಗ ಸತು ಇರುತ್ತದೆ. ಮುರಿಯದೆ ಬಹಳ ದೂರ ಎಳೆಯಬಹುದಾದ ಮಿಶ್ರಲೋಹವಿದು. ಕಾರ್ಖಾನೆಯಲ್ಲಿ ಹಿತ್ತಾಳೆಯ ಬಿಲ್ಲೆಯನ್ನು ಹಂತಹಂತವಾಗಿ ಅಚ್ಚುಗಳಲ್ಲಿ ಒತ್ತಿ ಎಳೆದು ಕೊಳವೆಯಾಗಿಸುತ್ತಾರೆ. ಎಳೆದಂತೆಲ್ಲ ಲೋಹ ಗಡುಸಾಗುತ್ತದೆ. ಕಾಯಿಸಿದರೆ ಮತ್ತೆ ಮೆದುವಾಗುತ್ತದೆ. ಕೊನೆಯಲ್ಲಿ ಬುಡವನ್ನು ಗಡುಸಾಗಿಯೂ ಕತ್ತನ್ನು ಮೆದುವಾಗಿಯೂ ಉಳಿಸುವುದೇ ಇದರ ಮರ್ಮ.

ಈಗ ತೋಟಾ ಹಾರಿದಾಗ ಏನಾಗುತ್ತದೆಂದು ನೋಡೋಣ. ಅಮೆರಿಕದ ಸೈನ್ಯವು 1906ರಲ್ಲಿ ಅಂಗೀಕರಿಸಿದ, ‘ತರ್ಟಿ-ಆಟ್-ಸಿಕ್ಸ್’ ಎಂಬ ಹೆಸರಿನ ತೋಟಾವನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಅಲ್ಲಿನ ತಯಾರಕರ ಸಂಸ್ಥೆ ಇದಕ್ಕೆ ವಿಧಿಸಿರುವ ಒತ್ತಡದ ಮಿತಿ ಚದರಂಗುಲಕ್ಕೆ 60,000 ಪೌಂಡು, ಎಂದರೆ ವಾಯುಮಂಡಲದ ಒತ್ತಡದ ಸುಮಾರು 4,000 ಪಟ್ಟು. ಕೋಶದ ಒಳವ್ಯಾಸ 10 ಮಿ.ಮೀ. ಎಂದಿಟ್ಟುಕೊಂಡರೆ ಬುಡದ ಒಳಮೈಯ ವಿಸ್ತಾರ 78 ಚದರ ಮಿ.ಮೀ.ಗಿಂತ ತುಸು ಹೆಚ್ಚು. ಅದರ ಮೇಲೆ ಬೀಳುವ ಬಲವನ್ನು ಗುಣಿಸಿ ನೋಡಿದರೆ ಅದು ಸುಮಾರು 32,000 ನ್ಯೂಟನ್ ಆಗುತ್ತದೆ. ಮೂರು ಟನ್ನಿಗೂ ಮಿಕ್ಕಿದ ಭಾರವನ್ನು ಹೆಬ್ಬೆರಳಿನ ಉಗುರಿನಷ್ಟು ಜಾಗದ ಮೇಲೆ ಹೇರಿದಂತೆ! ಇದೆಲ್ಲ ಸೆಕೆಂಡಿನ ಸಾವಿರದ ಒಂದೆರಡು ಭಾಗದಷ್ಟು ಕಾಲದಲ್ಲಿ ಮುಗಿದುಹೋಗುತ್ತದೆ.

ಇಷ್ಟು ಒತ್ತಡಕ್ಕೆ ಕೋಶದ ತೆಳುವಾದ ಕತ್ತು, ಒಡಲು ಮೊದಲು ಉಬ್ಬುತ್ತವೆ. ನಳಿಗೆಯ ಹಿಂಭಾಗದಲ್ಲಿ ತೋಟಾ ಕೂರುವ ಉಕ್ಕಿನ ಗೂಡಿನ ಗೋಡೆಗೆ ಬಿಗಿಯಾಗಿ ಅಂಟಿಕೊಳ್ಳುತ್ತವೆ. ಬುಡವು ದಪ್ಪವಾಗಿರುವುದರಿಂದ ಅಂಟುವುದಿಲ್ಲ. ಅದರ ಹಿಂದೆ ಕೋವಿಯ ಅಗುಳಿಗೂ ಅದಕ್ಕೂ ನಡುವೆ ಕೂದಲೆಳೆಯಷ್ಟು ತೆರಪು ಇದ್ದೇ ಇರುತ್ತದೆ. ಒತ್ತಡವು ಬುಡವನ್ನು ಹಿಂದಕ್ಕೆ ತಳ್ಳಿ ಅಗುಳಿಗೆ ಆನಿಸುತ್ತದೆ. ಮುಂಭಾಗವು ಗೋಡೆಗೆ ಅಂಟಿದೆ, ಹಿಂಭಾಗವು ಹಿಂದಕ್ಕೆ ಸರಿಯುತ್ತಿದೆ. ಹಾಗಾದರೆ ನಡುವಿನ ಲೋಹದ ಗತಿ? ಅದು ಹಿಗ್ಗಲೇಬೇಕು. ಬುಡದಿಂದ ಸ್ವಲ್ಪ ಮೇಲೆ, ದಪ್ಪ ಭಾಗವು ಮುಗಿದು ತೆಳು ಗೋಡೆ ಆರಂಭವಾಗುವಲ್ಲಿ, ಕೋಶವು ಹಿಗ್ಗಿ ತೆಳುವಾಗುತ್ತದೆ.

ಒತ್ತಡ ಇಳಿದಾಗ ಹಿತ್ತಾಳೆಯು ತನ್ನ ಸ್ಥಿತಿಸ್ಥಾಪಕತ್ವದಿಂದ ಸ್ವಲ್ಪ ಹಿಂದಕ್ಕೆ ಸೇರಿಕೊಳ್ಳುತ್ತದೆ. ಆದುದರಿಂದಲೇ ಕೋಶವನ್ನು ಗೂಡಿನಿಂದ ಹೊರಕ್ಕೆಳೆಯುವುದು ಸಾಧ್ಯ. ಆದರೆ ಅದು ಮೊದಲಿನ ಅಳತೆಗೆ ಪೂರ್ತಿಯಾಗಿ ಮರಳುವುದಿಲ್ಲ, ಉಬ್ಬಿಯೇ ಉಳಿಯುತ್ತದೆ. ಮರಳಿ ತುಂಬುವವನು ಅದನ್ನು ಉಕ್ಕಿನ ಅಚ್ಚೊಂದರೊಳಗೆ ಸನ್ನೆಯಿಂದ ಒತ್ತಿ ಹಿಂದಿನ ವ್ಯಾಸಕ್ಕೆ ತರುತ್ತಾನೆ. ಸುತ್ತಲೂ ಹಿಂಡಿದ ಲೋಹಕ್ಕೆ ಸರಿಯಲು ಬೇರೆ ದಾರಿ ಎಲ್ಲಿದೆ? ಕುಂಬಾರನು ತಿಗುರಿಯ ಮೇಲಿನ ಮಣ್ಣನ್ನು ಎರಡು ಕೈಗಳಿಂದಲೂ ಅಮುಕಿದಾಗ ಅದು ಮೇಲಕ್ಕೇಳುವಂತೆ ಹಿತ್ತಾಳೆಯೂ ಹೆಗಲನ್ನು ದಾಟಿ ಕತ್ತಿನತ್ತ ಹರಿಯುತ್ತದೆ. ಬೆಳವಣಿಗೆಯು ಬಾಯಿಯಲ್ಲಿ ಕಾಣಿಸಿಕೊಂಡರೂ ಆ ಲೋಹ ಬಂದುದು ಕೆಳಗಿನಿಂದ. ಈ ಮಾತನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು.

ಬೆಳೆದರೆ ಬರುವ ಕೇಡು

ಕೋವಿಯ ಗೂಡಿನಲ್ಲಿ ಕತ್ತಿಗಾಗಿ ಇರುವ ಜಾಗ ಒಂದು ಮೆಟ್ಟಿಲಿನಲ್ಲಿ ಕೊನೆಗೊಳ್ಳುತ್ತದೆ. ಅಲ್ಲಿಂದ ಮುಂದೆ ನಳಿಗೆ ಕಿರಿದಾಗುತ್ತದೆ. ಕೋಶವು ಅಳತೆ ಮೀರಿ ಉದ್ದವಾಗಿದ್ದರೆ ಅಗುಳಿಯನ್ನು ಮುಚ್ಚುವಾಗ ಅದರ ಬಾಯಿ ಈ ಕಿರಿದಾದ ಜಾಗಕ್ಕೆ ನುಗ್ಗಿ ಗುಂಡಿನ ಸುತ್ತಲೂ ಬಿಗಿದುಕೊಳ್ಳುತ್ತದೆ. ಮದ್ದು ಹತ್ತಿಕೊಂಡಾಗ ಕತ್ತು ಹಿಗ್ಗಿ ಗುಂಡನ್ನು ಬಿಟ್ಟುಕೊಡಬೇಕಷ್ಟೆ. ಹಿಗ್ಗಲು ಎಡೆಯಿಲ್ಲದುದರಿಂದ ಗುಂಡು ತಡವಾಗಿ ಹೊರಡುತ್ತದೆ. ಅಷ್ಟರಲ್ಲಿ ಒತ್ತಡವು ಮಿತಿಯನ್ನು ದಾಟುತ್ತದೆ. ಕೇಪು ಕಿತ್ತು ಬರುವುದು, ಅಗುಳಿ ಸಿಕ್ಕಿಕೊಳ್ಳುವುದು, ಕೋವಿಯೇ ಒಡೆದು ಹಿಡಿದವನ ಮುಖಕ್ಕೂ ಕೈಗೂ ಗಾಯವಾಗುವುದು, ಇವೆಲ್ಲ ಇದರಿಂದ ಸಂಭವಿಸಬಹುದು.

ಆದುದರಿಂದ ಪ್ರತಿಯೊಂದು ಬಗೆಯ ತೋಟಾಕ್ಕೂ ಕೋಶದ ಪರಮಾವಧಿ ಉದ್ದವನ್ನು ಗೊತ್ತುಪಡಿಸಿದ್ದಾರೆ. ತರ್ಟಿ-ಆಟ್-ಸಿಕ್ಸ್ ತೋಟಾದ ಕೋಶಕ್ಕೆ ಅದು 63.35 ಮಿ.ಮೀ.; ಸವರಿದ ಮೇಲೆ ಇರಬೇಕಾದ ಉದ್ದ 63.09 ಮಿ.ಮೀ. 1952ರಲ್ಲಿ ಬಂದ 308 ವಿಂಚೆಸ್ಟರ್ ತೋಟಾಕ್ಕೆ ಈ ಅಳತೆಗಳು 51.18 ಮತ್ತು 50.93 ಮಿ.ಮೀ. ಚಿಕ್ಕದಾದ 223 ರೆಮಿಂಗ್ಟನ್ ತೋಟಾಕ್ಕೆ 44.70 ಮತ್ತು 44.45 ಮಿ.ಮೀ. ಮೂರರಲ್ಲಿಯೂ ಎರಡು ಅಳತೆಗಳ ನಡುವಿನ ಅಂತರ ಒಂದೇ: ಅಂಗುಲದ ನೂರನೆಯ ಒಂದು ಭಾಗ, ಎಂದರೆ ಸುಮಾರು 0.25 ಮಿ.ಮೀ. ಸವರುವವನಿಗೆ ಇರುವ ಅವಕಾಶ ಇಷ್ಟೇ.

ಕಾಲೇಜಿನ ಪ್ರಯೋಗಶಾಲೆಯಲ್ಲಿ ಸಾಮಾನ್ಯವಾಗಿ ಕೈಗೆ ಸಿಗುವ ವರ್ನಿಯರ್ ಕ್ಯಾಲಿಪರಿನ ಲಘುತಮ ಅಳತೆ 0.1 ಮಿ.ಮೀ. ಎಂಬುದನ್ನು ವಿದ್ಯಾರ್ಥಿಗಳು ಬಲ್ಲರು. 0.25 ಮಿ.ಮೀ. ಅವಕಾಶದ ಕೆಲಸಕ್ಕೆ ಅದು ಸಾಲದು, 0.02 ಮಿ.ಮೀ. ಅಥವಾ ಅದಕ್ಕಿಂತ ಸೂಕ್ಷ್ಮವಾಗಿ ಅಳೆಯುವ ಉಪಕರಣ ಬೇಕು. ಸವರುಯಂತ್ರಕ್ಕಿಂತ ಮೊದಲು ಕೊಳ್ಳಬೇಕಾದುದು ಇದನ್ನೇ.

ಬಿಸಿಯಿಂದಾಗುವ ಹಿಗ್ಗುವಿಕೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡವೆ ಎಂದು ಯಾರಾದರೂ ಕೇಳಬಹುದು. ಉಷ್ಣತೆಯು ಒಂದು ಡಿಗ್ರಿ ಸೆಂಟಿಗ್ರೇಡ್ ಏರಿದರೆ ಹಿತ್ತಾಳೆ ತನ್ನ ಉದ್ದದ ಹತ್ತು ಲಕ್ಷದಲ್ಲಿ ಸುಮಾರು 20 ಭಾಗದಷ್ಟು ಹಿಗ್ಗುತ್ತದೆ. ಕೊರೆಯುವಾಗ 63 ಮಿ.ಮೀ. ಉದ್ದದ ಕೋಶವು ಇಡಿಯಾಗಿ 20 ಡಿಗ್ರಿ ಬಿಸಿಯಾಯಿತೆಂದರೂ ಅದು ಹಿಗ್ಗುವುದು 0.025 ಮಿ.ಮೀ. ಮಾತ್ರ, ಎಂದರೆ ನಮಗಿರುವ ಅವಕಾಶದ ಹತ್ತನೆಯ ಒಂದು ಪಾಲು. ಅಳೆಯುವ ಮುನ್ನ ಆರಲು ಬಿಟ್ಟರೆ ಅದೂ ಇಲ್ಲವಾಗುತ್ತದೆ. ನಮ್ಮ ಚಿಂತೆ ಬೇರೆಡೆ ಇರಬೇಕು.

ಮೋಟಾರು ಎಷ್ಟು ಬಲವಾಗಿರಬೇಕು?

ಯಂತ್ರವನ್ನು ಮಾರುವವರು ಮೊದಲು ಹೊಗಳುವುದು ಮೋಟಾರನ್ನು. ಅದರ ಅಗತ್ಯವೆಷ್ಟೆಂಬುದನ್ನು ಲೆಕ್ಕ ಹಾಕಿ ನೋಡೋಣ. ತರ್ಟಿ-ಆಟ್-ಸಿಕ್ಸ್ ಕೋಶದ ಕತ್ತಿನ ಹೊರವ್ಯಾಸ ಸುಮಾರು 8.6 ಮಿ.ಮೀ.; ಗೋಡೆಯ ದಪ್ಪ 0.38 ಮಿ.ಮೀ. ಎಂದಿಟ್ಟುಕೊಳ್ಳೋಣ. ಬಾಯಿಯ ಅಂಚಿನ ವಿಸ್ತಾರವು ಆಗ ಸುಮಾರು 10 ಚದರ ಮಿ.ಮೀ. ಅದರಿಂದ 0.25 ಮಿ.ಮೀ. ಎತ್ತರದ ಬಳೆಯನ್ನು ಸವರಿದರೆ ಹೊರಬೀಳುವ ಲೋಹ 2.5 ಘನ ಮಿ.ಮೀ.; ತೂಕ ಸುಮಾರು 21 ಮಿಲಿಗ್ರಾಂ. ಒಂದು ಘನ ಮಿ.ಮೀ. ಹಿತ್ತಾಳೆಯನ್ನು ಅಲಗಿನಿಂದ ಹೆರೆಯಲು 2 ಜೂಲ್ ಕೆಲಸ ಬೇಕೆಂದು ಹಿಡಿದರೆ ಒಟ್ಟು 5 ಜೂಲ್ ಆಯಿತು. ಒಂದು ಕಿಲೋಗ್ರಾಂ ಬೆಲ್ಲವನ್ನು ಅರ್ಧ ಮೀಟರು ಮೇಲೆತ್ತುವ ಕೆಲಸವೂ ಇಷ್ಟೇ! ಎರಡು ಸೆಕೆಂಡಿನಲ್ಲಿ ಇದನ್ನು ಮುಗಿಸಲು 2.5 ವಾಟ್ ಸಾಕು. ಅಲಗಿನ ಉಜ್ಜುವಿಕೆ, ಬೇರಿಂಗಿನ ಘರ್ಷಣೆ ಎಲ್ಲವನ್ನೂ ಸೇರಿಸಿ ಹತ್ತು ಪಟ್ಟು ಮಾಡಿದರೂ ಅದು ಸಣ್ಣ ಮೋಟಾರೇ.

ಹಾಗಾದರೆ ವಿದ್ಯುತ್ತು ಏಕೆ ಬೇಕು? ದಣಿವನ್ನು ತಪ್ಪಿಸಲು. ಕೈಯಿಂದ ಹಿಡಿ ತಿರುಗಿಸಿ ಸವರುವಾಗ ಒಂದು ಕೋಶಕ್ಕೆ 15 ಸುತ್ತು ಎಂದುಕೊಂಡರೂ ಸಾವಿರ ಕೋಶಗಳಿಗೆ 15,000 ಸುತ್ತು ತಿರುಗಿಸಬೇಕು. ದಣಿದ ಕೈ ಒಂದೇ ಸಮನೆ ಕೆಲಸ ಮಾಡಲಾರದು. ದಣಿದ ಕಣ್ಣು ತಪ್ಪನ್ನು ಹಿಡಿಯಲಾರದು. ವರ್ಷಕ್ಕೆ ಐವತ್ತೋ ನೂರೋ ಕೋಶಗಳನ್ನು ಸವರುವವನಿಗೆ ಮೋಟಾರಿನ ಅಗತ್ಯವೇ ಇಲ್ಲ. ಸಾವಿರಗಟ್ಟಲೆ ಸವರುವವನಿಗೆ ಅದಿಲ್ಲದೆ ನಡೆಯದು.

ಮೋಟಾರಿನ ವೇಗದ ವಿಷಯವೂ ಹೀಗೆಯೇ. ಅಲಗು ನಿಮಿಷಕ್ಕೆ 1,000 ಸುತ್ತು ತಿರುಗಿದರೆ ಕತ್ತಿನ ಅಂಚಿನಲ್ಲಿ ಅದರ ಓಟ ನಿಮಿಷಕ್ಕೆ ಸುಮಾರು 27 ಮೀಟರು. ಹಿತ್ತಾಳೆಯು ಇದಕ್ಕಿಂತ ಹೆಚ್ಚಿನ ವೇಗವನ್ನೂ ಸಲೀಸಾಗಿ ತಾಳಿಕೊಳ್ಳುತ್ತದೆ. ಆದರೆ ಅಕ್ಷವು ಅಲುಗಾಡುವಂತಿದ್ದರೆ ವೇಗ ಹೆಚ್ಚಿದಷ್ಟೂ ಅಂಚು ಅಲೆಯಲೆಯಾಗುತ್ತದೆ. ಆದುದರಿಂದ ಮೋಟಾರಿನ ವಾಟ್‌ಗಳನ್ನು ಕೇಳುವುದಕ್ಕಿಂತ ಬೇರಿಂಗು ಬಿಗಿಯಾಗಿದೆಯೆ, ಅಲಗು ಹರಿತವಾಗಿದೆಯೆ ಎಂದು ಕೇಳುವುದು ಲೇಸು. ಟಂಗ್ಸ್ಟನ್ ಕಾರ್ಬೈಡಿನ ಅಲಗು ಉಕ್ಕಿನ ಅಲಗಿಗಿಂತ ಬಹುಕಾಲ ಹರಿತವಾಗಿ ಉಳಿಯುತ್ತದೆ.

ಎಲ್ಲಿಂದ ಅಳೆಯುವುದು?

ಇನ್ನು ಮುಖ್ಯವಾದ ಪ್ರಶ್ನೆಗೆ ಬರೋಣ. ಮನುಷ್ಯನ ಎತ್ತರವನ್ನು ನಾವು ನೆಲದಿಂದ ಅಳೆಯುತ್ತೇವೆ. ದರ್ಜಿಯಾದರೋ ಅಂಗಿಯ ಉದ್ದವನ್ನು ಹೆಗಲಿನಿಂದ ಅಳೆಯುತ್ತಾನೆ. ಎರಡೂ ಸರಿಯೇ; ಆದರೆ ಎರಡೂ ಬೇರೆಬೇರೆ. ಅಂತೆಯೇ ಸವರುಯಂತ್ರಗಳಲ್ಲಿ ಕೋಶವನ್ನು ಬುಡದಿಂದ ಅಳೆಯುವವು ಕೆಲವು, ಹೆಗಲಿನಿಂದ ಅಳೆಯುವವು ಕೆಲವು. ಯಂತ್ರದ ಹೊರರೂಪ ಏನೇ ಇರಲಿ, ಅದು ಕೋಶದ ಯಾವ ಭಾಗಕ್ಕೆ ಆತುಕೊಂಡು ಅಲಗನ್ನು ನಿಲ್ಲಿಸುತ್ತದೆ ಎಂಬುದೇ ಅದರ ನಿಜವಾದ ಜಾತಿ.

ಬುಡದಿಂದ ಅಳೆಯುವ ಯಂತ್ರಗಳಲ್ಲಿ ಹಳೆಯ ಬಗೆಯದು ಪುಟ್ಟ ಲೇತ್ ಯಂತ್ರದಂತಿರುತ್ತದೆ. ಫಾರ್ಸ್ಟರ್ ಎಂಬ ಹೆಸರಿನವು ಈ ಬಗೆಯವು. ಕೋಶದ ಬುಡವನ್ನು ಒಂದು ಹಿಡಿಕೆ ಕಚ್ಚಿ ಹಿಡಿಯುತ್ತದೆ. ಎದುರಿನಿಂದ ಬರುವ ಅಲಗಿನ ತುದಿಯಲ್ಲಿರುವ ನುಣುಪಾದ ಕಡ್ಡಿ ಕತ್ತಿನೊಳಗೆ ಹೊಕ್ಕು ಅಲಗನ್ನು ನೇರವಾಗಿರಿಸುತ್ತದೆ. ಹಿಡಿಯ ಬದಲು ವಿದ್ಯುತ್ ಬೈರಿಗೆಯನ್ನು ಜೋಡಿಸಿದರೆ ಇದೇ ವಿದ್ಯುತ್ ಯಂತ್ರವಾಗುತ್ತದೆ. ಕಡ್ಡಿ ಮತ್ತು ಹಿಡಿಕೆಗಳನ್ನು ಬದಲಾಯಿಸಿ ಹಲವು ಬಗೆಯ ಕೋಶಗಳಿಗೆ ಒಂದೇ ಯಂತ್ರವನ್ನು ಬಳಸಬಹುದು. ಇನ್ನೊಂದು, ಲೀ ಎಂಬ ಕಾರ್ಖಾನೆಯ ಅತಿ ಸರಳವಾದ ಸಾಧನ. ಇದರಲ್ಲಿ ಅಲಗಿನ ಮುಂದಿನ ಕಡ್ಡಿಯು ಕೋಶದ ಒಳಗೆಲ್ಲ ಹಾದು, ಬಾಕ್ಸರನ ನಡುರಂಧ್ರದ ಮೂಲಕ ಇಣುಕಿ, ಬುಡಕ್ಕೆ ಆನಿಸಿದ ಉಕ್ಕಿನ ಮೇಲ್ಮೈಯನ್ನು ಮುಟ್ಟಿದೊಡನೆ ಕೊರೆತ ನಿಲ್ಲುತ್ತದೆ. ಕಡ್ಡಿಯ ಉದ್ದವೇ ಕೋಶದ ಉದ್ದ; ತಿರುಪುಮೊಳೆ ಸಡಿಲವಾಗಿ ಅಳತೆ ಕೆಡುವ ಭಯವಿಲ್ಲ. ಆದರೆ ತೋಟಾದ ಪ್ರತಿಯೊಂದು ಬಗೆಗೂ ಬೇರೆ ಕಡ್ಡಿ ಬೇಕು. ಮೂರನೆಯದು, ಡಿಲನ್ ಕಾರ್ಖಾನೆಯದರಂತೆ, ಅಚ್ಚಿನ ನೆತ್ತಿಯ ಮೇಲೆ ಮೋಟಾರನ್ನು ಕೂರಿಸಿದ ಬಗೆ. ಸನ್ನೆಯನ್ನು ಒಮ್ಮೆ ಎಳೆದರೆ ಕೋಶವು ಅಚ್ಚಿನಲ್ಲಿ ಹಿಂಡಿಕೊಳ್ಳುವುದೂ ತುದಿ ಸವರಿಹೋಗುವುದೂ ಒಟ್ಟಿಗೇ ಆಗುತ್ತವೆ.

ಹೆಗಲಿನಿಂದ ಅಳೆಯುವ ಯಂತ್ರಗಳಲ್ಲಿ ಕೋಶವನ್ನು ಬಾಯಿ ಮುಂದಾಗಿ ಒಂದು ತೂತಿನೊಳಗೆ ಕೈಯಿಂದ ಒತ್ತುತ್ತಾರೆ. ಒಳಗೆ ಅಲಗು ತಿರುಗುತ್ತಿರುತ್ತದೆ. ಕೋಶದ ಹೆಗಲು ಒಳಗಿನ ಆಸರೆಗೆ ತಗುಲಿದಾಗ ಮುಂದೆ ಹೋಗಲಾರದೆ ನಿಲ್ಲುತ್ತದೆ. ಹೆಚ್ಚಿನ ತುದಿಯೆಲ್ಲ ಸವರಿಹೋಗುತ್ತದೆ. ಲಿಟ್ಲ್ ಕ್ರೋ ಎಂಬ ಹೆಸರಿನ, ಬೈರಿಗೆಗೆ ಸಿಕ್ಕಿಸುವ ಸಾಧನ ಈ ಬಗೆಯದು. ಸ್ವಂತ ಮೋಟಾರುಳ್ಳ ದೊಡ್ಡ ಯಂತ್ರಗಳೂ ಉಂಟು; ಅವುಗಳಲ್ಲಿ ಕೆಲವು ತುದಿಯನ್ನು ಸವರುವುದರ ಜೊತೆಗೇ ಅಂಚಿನ ಒಳಗೂ ಹೊರಗೂ ಏಳುವ ಸಿಬಿರನ್ನೂ ತೆಗೆದುಹಾಕುತ್ತವೆ. ಕೋಶವನ್ನು ಕಚ್ಚಿಸುವ, ಬಿಚ್ಚುವ ತೊಡಕಿಲ್ಲದುದರಿಂದ ಕೆಲಸ ಬಹು ಬೇಗ ಸಾಗುತ್ತದೆ.

ಇವೆರಡರಲ್ಲಿ ಯಾವುದು ಮೇಲು? ಗೂಡಿನೊಳಗೆ ಕೋಶವು ಮುಂದಕ್ಕೆ ಹೋಗಿ ನಿಲ್ಲುವುದು ಹೆಗಲು ಗೂಡಿನ ಹೆಗಲಿಗೆ ಆತಾಗ. ಕತ್ತು ಮೆಟ್ಟಿಲಿಗೆ ತಗುಲುವುದೋ ಇಲ್ಲವೋ ಎಂಬುದನ್ನು ನಿರ್ಣಯಿಸುವುದು ಹೆಗಲಿನಿಂದ ಬಾಯಿಯವರೆಗಿನ ಉದ್ದವೇ. ಈ ದೃಷ್ಟಿಯಿಂದ ಹೆಗಲಿನಿಂದ ಅಳೆಯುವುದು ಯುಕ್ತವಾಗಿದೆ. ಆದರೆ ಪುಸ್ತಕಗಳಲ್ಲಿ ಕೊಟ್ಟಿರುವ ಮಿತಿಗಳು ಬುಡದಿಂದ ಬಾಯಿಯವರೆಗಿನವು. ಕ್ಯಾಲಿಪರಿನಿಂದ ಅಳೆಯಲು ಬರುವುದೂ ಅದೇ. ಹೆಗಲಿನಿಂದ ಸವರಿದ ಕೋಶಗಳಲ್ಲಿ ಹೆಗಲಿನ ಸ್ಥಾನವೇ 0.05 ಮಿ.ಮೀ. ಹೆಚ್ಚುಕಡಮೆಯಾಗಿದ್ದರೆ ಒಟ್ಟು ಉದ್ದವೂ ಅಷ್ಟೇ ಹೆಚ್ಚುಕಡಮೆಯಾಗುತ್ತದೆ.

ಹೆಗಲಿನ ಸ್ಥಾನ ಏಕೆ ಬದಲಾಗಬೇಕು? ಎಲ್ಲವನ್ನೂ ಒಂದೇ ಅಚ್ಚಿನಲ್ಲಿ ಒತ್ತಿದ್ದಲ್ಲವೆ? ಇಲ್ಲಿ ಲೋಹದ ಗಡಸುತನ ಅಡ್ಡಬರುತ್ತದೆ. ಹಲವು ಬಾರಿ ಹಾರಿಸಿದ ಕೋಶದ ಹಿತ್ತಾಳೆ ಗಡುಸಾಗಿರುತ್ತದೆ. ಅಚ್ಚಿನಿಂದ ಹೊರಬಂದೊಡನೆ ಅದು ಹೆಚ್ಚಾಗಿ ಹಿಂದಕ್ಕೆ ಪುಟಿಯುತ್ತದೆ. ಹೊಸ ಕೋಶ ಕಡಮೆ ಪುಟಿಯುತ್ತದೆ. ಹಳೆಯದನ್ನೂ ಹೊಸದನ್ನೂ ಬೆರೆಸಿ ಸವರಿದರೆ ಉದ್ದಗಳು ಚದುರುತ್ತವೆ. ಹಾಗಾಗದಿರಲು ಕೆಲವರು ಕತ್ತು ಹೆಗಲುಗಳನ್ನು ಆಗಾಗ ಹದವಾಗಿ ಕಾಯಿಸಿ ಮೆದುಗೊಳಿಸುತ್ತಾರೆ. ಬುಡವನ್ನು ಮಾತ್ರ ಎಂದಿಗೂ ಕಾಯಿಸಕೂಡದು. ಮೂರು ಟನ್ನು ಭಾರವನ್ನು ತಡೆಯುವುದು ಅದರ ಗಡಸುತನವೇ.

ಗಡುಸಾದ ಹಿತ್ತಾಳೆಯಲ್ಲಿ ಉಳಿದುಕೊಳ್ಳುವ ಒಳಬಿಗಿತದ ಪಾಠವನ್ನು ಜಗತ್ತು ಕಲಿತುದರಲ್ಲಿ ನಮ್ಮ ನಾಡಿನ ಮಳೆಗಾಲದ ಪಾತ್ರವೂ ಉಂಟು. ಭಾರತದಲ್ಲಿದ್ದ ಬ್ರಿಟಿಷ್ ಸೈನ್ಯವು ಮಳೆಗಾಲದಲ್ಲಿ ತೋಟಾಗಳನ್ನು ಕುದುರೆಲಾಯಗಳಲ್ಲಿ ಇಡುತ್ತಿತ್ತು. ಮಳೆ ನಿಂತ ಮೇಲೆ ನೋಡಿದರೆ, ಯಾರೂ ಮುಟ್ಟದ ಕೋಶಗಳು ಗುಂಡನ್ನು ಬಿಗಿದಿದ್ದ ಕತ್ತಿನ ಬಳಿ ಬಿರುಕು ಬಿಟ್ಟಿದ್ದುವು! ಕುದುರೆಯ ಮೂತ್ರದಿಂದ ಏಳುವ ಅಮೋನಿಯಾ ಅನಿಲವೂ ಲೋಹದಲ್ಲಿ ಅಡಗಿದ್ದ ಬಿಗಿತವೂ ಕೂಡಿ ಈ ಬಿರುಕಿಗೆ ಕಾರಣವಾದುವೆಂದು 1921ರಲ್ಲಿ ಮೂರ್, ಬೆಕಿನ್ಸೇಲ್ ಮತ್ತು ಮಾಲಿನ್ಸನ್ ಎಂಬ ವಿಜ್ಞಾನಿಗಳು ವಿವರಿಸಿದರು. ಹದವಾಗಿ ಕಾಯಿಸಿ ಬಿಗಿತವನ್ನು ಸಡಿಲಿಸುವುದೇ ಇದಕ್ಕೆ ಮದ್ದು.

ಹೆಗಲಿನ ಯಂತ್ರಕ್ಕೆ ಇನ್ನೊಂದು ಮಿತಿಯುಂಟು. ಎಲ್ಲ ಕೋಶಗಳಿಗೂ ಹೆಗಲಿರುವುದಿಲ್ಲ. ಅಮೆರಿಕದ ಸೈನ್ಯವು 1873ರಲ್ಲಿ ಬಳಕೆಗೆ ತಂದ ‘ಫಾರ್ಟಿಫೈವ್-ಸೆವೆಂಟಿ’ ತೋಟಾದ ಕೋಶವು ಬುಡದಿಂದ ಬಾಯಿಯವರೆಗೂ ನೇರವಾದ ಕೊಳವೆ. ಅದನ್ನು ಬುಡದಿಂದಲೇ ಅಳೆಯಬೇಕು. 1888ರಲ್ಲಿ ಬ್ರಿಟಿಷರು ಅಂಗೀಕರಿಸಿದ, ಭಾರತದ ಸೈನಿಕರೂ ಪೋಲೀಸರೂ ಬಹುಕಾಲ ಬಳಸಿದ ‘ತ್ರೀ-ನಾಟ್-ತ್ರೀ’ ತೋಟಾಕ್ಕೆ ಹೆಗಲೇನೋ ಇದೆ; ಆದರೆ ಅದು ಗೂಡಿನಲ್ಲಿ ನಿಲ್ಲುವುದು ಬುಡದ ಸುತ್ತಲಿನ ಚಾಚಿದ ಅಂಚಿನ ಆಸರೆಯಿಂದ. ಅಲ್ಲಿ ಹೆಗಲನ್ನು ಆಧಾರವಾಗಿ ಹಿಡಿಯುವುದಕ್ಕೆ ಹೆಚ್ಚಿನ ಅರ್ಥವಿಲ್ಲ.

ಎರಡು ಬಗೆಗಳಿಗೂ ಅನ್ವಯಿಸುವ ನಿಯಮ ಒಂದಿದೆ. ಕೋಶವನ್ನು ಮೊದಲು ಅಚ್ಚಿನಲ್ಲಿ ಒತ್ತಿ, ಆಮೇಲೆ ಸವರಬೇಕು. ಒತ್ತಿದಾಗ ಉದ್ದ ಹೆಚ್ಚುವುದರಿಂದ ಮೊದಲೇ ಸವರಿದರೆ ಶ್ರಮ ವ್ಯರ್ಥ. ಒತ್ತುವುದೂ ಸವರುವುದೂ ಒಟ್ಟಿಗೇ ನಡೆಯುವ ಯಂತ್ರದಲ್ಲಿ ಮಾತ್ರ ಈ ಚಿಂತೆಯಿಲ್ಲ.

ಯಂತ್ರದ ಪರೀಕ್ಷೆ

ಯಂತ್ರವನ್ನು ಪರೀಕ್ಷಿಸುವುದು ಹೇಗೆ? ಒಂದೇ ಕಾರ್ಖಾನೆಯ, ಒಂದೇ ಸಂಖ್ಯೆಯ ಬಾರಿ ಹಾರಿಸಿದ ಹತ್ತು ಕೋಶಗಳನ್ನು ಒತ್ತಿ, ಸವರಿ, ಆರಲು ಬಿಟ್ಟು ಅಳೆಯಬೇಕು. ಹತ್ತರ ಸರಾಸರಿ 63.09ರ ಬದಲು 63.15 ಬಂತೆಂದು ಇಟ್ಟುಕೊಳ್ಳಿ. ಇದು ಯಂತ್ರದ ದೋಷವಲ್ಲ. ತಿರುಪನ್ನು ಸ್ವಲ್ಪ ತಿರುಗಿಸಿದರೆ ಸರಿಹೋಗುತ್ತದೆ. ನೋಡಬೇಕಾದುದು ಅತಿ ಉದ್ದದ ಕೋಶಕ್ಕೂ ಅತಿ ಗಿಡ್ಡದ ಕೋಶಕ್ಕೂ ಇರುವ ಅಂತರವನ್ನು. ಅದು 0.05 ಮಿ.ಮೀ. ಒಳಗಿದ್ದರೆ ಯಂತ್ರ ಸೊಗಸಾಗಿದೆ, 0.2 ಮಿ.ಮೀ. ಇದ್ದರೆ ನಮಗಿದ್ದ ಅವಕಾಶವನ್ನೆಲ್ಲ ಬಹುಮಟ್ಟಿಗೆ ಅದೇ ತಿಂದುಹಾಕಿತು. ಸರಾಸರಿಯ ತಪ್ಪನ್ನು ತಿದ್ದಬಹುದು. ಚದರಿಕೆಯನ್ನು ಯಾವ ತಿರುಪೂ ತಿದ್ದಲಾರದು. ಪ್ರಯೋಗಶಾಲೆಯ ಎಲ್ಲ ಉಪಕರಣಗಳಿಗೂ ಸಲ್ಲುವ ಮಾತಿದು.

ಕೈಯ ಒತ್ತಡವೂ ಚದರಿಕೆಗೆ ಕಾರಣವಾಗುತ್ತದೆ. ಒಮ್ಮೆ ಬಲವಾಗಿಯೂ ಒಮ್ಮೆ ಮೆಲ್ಲಗೂ ಒತ್ತಿದರೆ ಆಸರೆಯೂ ಕೋಶವೂ ಬೇರೆಬೇರೆ ಪ್ರಮಾಣದಲ್ಲಿ ಬಾಗುತ್ತವೆ. ಅಲಗು ಕೊರೆಯುವ ಸದ್ದು ನಿಲ್ಲುವವರೆಗೆ ಒಂದೇ ಸಮನೆ ಒತ್ತಿ ಹಿಡಿಯುವುದು ಒಳ್ಳೆಯ ಅಭ್ಯಾಸ. ಹಾರುವ ಚೂರುಗಳಿಂದ ಕಣ್ಣನ್ನು ಕಾಪಾಡಲು ಕನ್ನಡಕ ಧರಿಸುವುದು ಅವಶ್ಯ.

ಆಯ್ಕೆಯ ಸಾರ ಇಷ್ಟು: ಕೆಲವೇ ಕೋಶಗಳಿದ್ದರೆ ನಿಶ್ಚಿತ ಉದ್ದದ ಕಡ್ಡಿಯ ಸಾಧನವೂ ಒಂದು ಬೈರಿಗೆಯೂ ಸಾಕು. ಹಲವು ಬಗೆಯ ಕೋಶಗಳಿದ್ದು, ಪ್ರತಿಯೊಂದೂ ಸ್ವಲ್ಪ ಸ್ವಲ್ಪವೇ ಇದ್ದರೆ ಲೇತ್ ಬಗೆಯದು ಅನುಕೂಲ. ಒಂದೇ ಬಗೆಯ, ಹೆಗಲುಳ್ಳ ಕೋಶಗಳು ಸಾವಿರಗಟ್ಟಲೆ ಇದ್ದರೆ ಹೆಗಲಿನಿಂದ ಅಳೆಯುವ ಮೋಟಾರು ಯಂತ್ರವೋ ಅಚ್ಚಿನ ಮೇಲೆ ಕೂರುವ ಯಂತ್ರವೋ ತಕ್ಕುದು.

ಚೂರುಗಳು ಹೇಳುವ ಮಾತು

ಕೊನೆಯದಾಗಿ, ಯಾವ ಯಂತ್ರವೂ ಹೇಳದ ಮಾತೊಂದಿದೆ. ಬಾಯಿಯಲ್ಲಿ ಸವರಿದ ಲೋಹವು ಕೆಳಗಿನಿಂದ ಬಂದುದೆಂದು ಆಗಲೇ ನೋಡಿದೆವು. ಒಂದು ಕೋಶವನ್ನು ನಾಲ್ಕು ಬಾರಿ ಸವರಿದರೆ ಕಳೆದುಹೋದ ಲೋಹ 10 ಘನ ಮಿ.ಮೀ. ಬುಡದ ಬಳಿ ಕೋಶದ ಸುತ್ತಳತೆ ಸುಮಾರು 36 ಮಿ.ಮೀ. ಈ ಲೋಹವೆಲ್ಲ ಅಲ್ಲಿನ 5 ಮಿ.ಮೀ. ಅಗಲದ ಪಟ್ಟಿಯಿಂದ ಸಮನಾಗಿ ಬಂದಿದ್ದರೆ ಗೋಡೆ 0.06 ಮಿ.ಮೀ.ನಷ್ಟು ಮಾತ್ರ ತೆಳುವಾಗಿರುತ್ತದೆ, ಚಿಂತೆಯಿಲ್ಲ. ಆದರೆ ಅದೇ ಲೋಹವು 1 ಮಿ.ಮೀ. ಅಗಲದ ಉಂಗುರದಿಂದ ಬಂದಿದ್ದರೆ? ಆಗ ಅಲ್ಲಿ ತೆಳುವಾದುದು 0.28 ಮಿ.ಮೀ.! ನಿಜಸ್ಥಿತಿಯು ಇವೆರಡರ ನಡುವೆ ಎಲ್ಲೋ ಇರುತ್ತದೆ. ಅಗುಳಿಗೂ ಬುಡಕ್ಕೂ ನಡುವಿನ ತೆರಪು ದೊಡ್ಡದಾದಷ್ಟೂ, ಕೋಶವನ್ನು ಅಚ್ಚಿನಲ್ಲಿ ಅಗತ್ಯ ಮೀರಿ ಒತ್ತಿದಷ್ಟೂ ಅದು ಎರಡನೆಯದಕ್ಕೆ ಸಮೀಪವಾಗುತ್ತದೆ. ಕೊನೆಗೊಂದು ದಿನ ಕೋಶವು ಆ ಉಂಗುರದಲ್ಲಿಯೇ ತುಂಡಾಗಿ, ಸುಡುವ ಅನಿಲವು ಹಿಂದಕ್ಕೆ ನುಗ್ಗುತ್ತದೆ.

ಆ ಸ್ಥಳದಲ್ಲಿ ಹೊರಗೆ ಹೊಳಪಿನ ಗೆರೆಯೊಂದು ಕಾಣಿಸುವುದು ಎಚ್ಚರಿಕೆಯ ಚಿಹ್ನೆ. ತುದಿ ಬಾಗಿಸಿದ ತಂತಿಯನ್ನು ಕೋಶದೊಳಗೆ ಇಳಿಸಿ ಗೋಡೆಯನ್ನು ಸವರುತ್ತ ಮೇಲಕ್ಕೆಳೆದರೆ ತಗ್ಗಾದ ಉಂಗುರವು ಬೆರಳಿಗೆ ತಿಳಿಯುತ್ತದೆ. ಅಂಥ ಕೋಶವನ್ನು, ಅದರ ಉದ್ದ ಎಷ್ಟೇ ಸರಿಯಾಗಿರಲಿ, ಎಸೆಯಲೇಬೇಕು. ಅತ್ಯಂತ ನಿಖರವಾದ ಯಂತ್ರವು ಬಾಯಿಯನ್ನು ಒಪ್ಪವಾಗಿಸಬಲ್ಲುದೇ ಹೊರತು ಬುಡದಲ್ಲಿ ಕಳೆದುಹೋದ ಲೋಹವನ್ನು ಹಿಂದಿರುಗಿಸಲಾರದು. ಆದುದರಿಂದ ಜಾಣನಾದ ಗುರಿಕಾರನು ಪ್ರತಿ ಕಂತಿನ ಕೋಶಗಳನ್ನೂ ಎಷ್ಟು ಬಾರಿ ಸವರಿದೆನೆಂದು ಪುಸ್ತಕದಲ್ಲಿ ಬರೆದಿಡುತ್ತಾನೆ. ಯಂತ್ರದ ಕೆಳಗೆ ರಾಶಿಬೀಳುವ ಹೊನ್ನಿನ ಬಣ್ಣದ ಚೂರುಗಳು ಬರಿಯ ಕಸವಲ್ಲ. ಕೋಶದ ಆಯುಸ್ಸಿನಲ್ಲಿ ಎಷ್ಟು ಸವೆಯಿತೆಂಬುದರ ಲೆಕ್ಕವೂ ಹೌದು.